ಫ್ರಿಜ್ ಬಾಗಿಲಲ್ಲಿದ್ದ ನೀಲಿ ಚೀಲ

ಮೇ ತಿಂಗಳು ನಮಗೆ ಸೀಸನ್. ಮಕ್ಕಳ ಶಾಲೆ ಶುರುವಾಗುವ ಮೊದಲೇ ಹೊಸ ಊರು ಸೇರಬೇಕು ಅಂತ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಕೊನೆಯ ವಾರವಂತೂ ದಿನಕ್ಕೆ ಎರಡು ಮನೆ. ಬೆಂಗಳೂರಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿ ನನಗೆ ಒಂಬತ್ತು ವರ್ಷ ಆಯ್ತು. ಮೂರು ವರ್ಷ ಹೆಲ್ಪರ್ ಆಗಿದ್ದೆ, ಆಮೇಲೆ ಸೂಪರ್‌ವೈಸರ್. ಗಾಜು ಒಡೆದಿದೆ, ಟಿವಿ ಪ್ಯಾನೆಲ್ ಹೋಗಿದೆ, ಒಮ್ಮೆ ಅಕ್ವೇರಿಯಂ ಮೆಟ್ಟಿಲ ಮೇಲೆ ಚೂರಾಗಿದೆ. ಅವೆಲ್ಲ ಮರೆತು ಹೋಗುತ್ತವೆ. ಆದರೆ ಒಂದು ಸಾಮಾನೂ ಮುಕ್ಕಾಗದ ಈ ಹುಬ್ಬಳ್ಳಿ ಲೋಡ್ ಮಾತ್ರ ಮರೆಯೋಕೆ ಆಗ್ತಿಲ್ಲ.

ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆ. ಗಂಡ, ಹೆಂಡತಿ, ಒಬ್ಬ ಮಗಳು, ಮತ್ತೆ ಎಪ್ಪತ್ತು ದಾಟಿದ ಯಜಮಾನರು. ಅವರ ಊರೇ ಹುಬ್ಬಳ್ಳಿ, ಮೇಷ್ಟ್ರಾಗಿ ರಿಟೈರ್ ಆದವರು. ಬೆಳಗ್ಗೆ ಎಂಟಕ್ಕೆ ನಾವು ಐದು ಜನ ಹೋದಾಗ ಫ್ರಿಜ್ ಇನ್ನೂ ಓಡುತ್ತಿತ್ತು. ಹಿಂದಿನ ದಿನವೇ ಆಫ್ ಮಾಡಿ, ಖಾಲಿ ಮಾಡಿ, ಒರೆಸಿ ಇಟ್ಟಿರಬೇಕು ಅಂತ ಸರ್ವೆ ಮಾಡಿದವರು ಹೇಳಬೇಕಿತ್ತು. ಆದರೆ ಸರ್ವೆಗೆ ಯಾರೂ ಹೋಗಿರಲಿಲ್ಲ. ಈಗೆಲ್ಲ ವಿಡಿಯೋ ಕಾಲ್‌ನಲ್ಲೇ ಸರ್ವೆ. ಹತ್ತು ನಿಮಿಷ ಫೋನ್ ಹಿಡಿದು ಮನೆ ಸುತ್ತಿಸುತ್ತಾರೆ, ಅರವತ್ತು ಬಾಕ್ಸ್ ಅಂತ ಬರೆದುಕೊಳ್ಳುತ್ತಾರೆ. ಅಟ್ಟ ಕಾಣಿಸಲ್ಲ, ಮಂಚದ ಕೆಳಗಿನ ಬಾಕ್ಸ್ ಕಾಣಿಸಲ್ಲ. ನಾವು ಹೋಗಿ ಎಣಿಸಿದರೆ ತೊಂಬತ್ತು. ಬಬಲ್ ರೋಲ್ ಸಾಲದು, ಟೇಪ್ ಸಾಲದು. ಬೈಗುಳ ಮಾತ್ರ ನಮಗೆ.

ಆವತ್ತೂ ಹಾಗೇ ಆಯ್ತು. ಒಬ್ಬನನ್ನು ಕಾರ್ಟನ್ ತರಲು ಓಡಿಸಿದೆ. ಕಾರ್ಪೆಂಟರ್ ಮಂಚ ಬಿಚ್ಚಲು ಕೂತ. ವಾಷಿಂಗ್ ಮೆಷಿನ್‌ನ ಸಾಗಿಸುವಾಗ ಡ್ರಮ್ ಬಿಗಿದಿಡುವ ಟ್ರಾನ್ಸಿಟ್ ಬೋಲ್ಟ್ ಎಲ್ಲಿ ಅಂತ ಕೇಳಿದರೆ ಆ ಮನೆಯವರು ನನ್ನ ಮುಖ ನೋಡಿದರು. ಫ್ರಂಟ್ ಲೋಡ್ ತಗೊಂಡವರಲ್ಲಿ ಆ ಬೋಲ್ಟ್ ಎತ್ತಿಡುವವರು ಕಡಿಮೆ. ಡ್ರಮ್ ಅಲ್ಲಾಡದ ಹಾಗೆ ಥರ್ಮಾಕೋಲ್ ತುರುಕಿದೆ. ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಿ ಅಂದರು. ಅದು ಆಗಲ್ಲ ಸರ್, ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತಗೊಳ್ಳಿ, ಅಲ್ಲಿ ಅದನ್ನ ತೋರಿಸಿದರೆ ಹೊಸ ಕನೆಕ್ಷನ್ ಸಿಗುತ್ತೆ ಅಂದೆ. ಇದನ್ನೂ ಯಾರೂ ಮೊದಲೇ ಹೇಳಿರಲಿಲ್ಲ. ಅವರು ಸ್ಕೂಟರ್‌ನಲ್ಲಿ ಸಿಲಿಂಡರ್ ಇಟ್ಟುಕೊಂಡು ಓಡಿದರು. ಮೇಡಂ ಪಕ್ಕದ ಮನೆಗೆ ಹಾಲು ಮೊಸರು ಕೊಡಲು ಹೋದರು.

ಅಡುಗೆಮನೆಯಲ್ಲಿ ನಾನೊಬ್ಬನೇ ಇದ್ದೆ. ಯಜಮಾನರು ಬಾಗಿಲ ಹತ್ತಿರ ಬಂದು ನಿಂತರು. ಮನೆ ಖಾಲಿ ಮಾಡುವಾಗ ವಯಸ್ಸಾದವರಿಗೆ ಎಲ್ಲೂ ಜಾಗ ಇರಲ್ಲ. ಕೂತಿದ್ದ ಕುರ್ಚಿಯನ್ನೂ ನಾವು ಎತ್ತಿಕೊಂಡು ಹೋಗಿರುತ್ತೇವೆ. ಅವರು ಅಂದರು, "ತಮ್ಮಾ, ಫ್ರಿಜ್ಜಿನ ಬಾಗಲದಾಗ ನಂದೊಂದು ನೀಲಿ ಚೀಲ ಐತಿ ನೋಡು. ಅದೊಂದು ಸ್ವಲ್ಪ ಹುಷಾರ."

ನಾನು ತಿರುಗಿ ನೋಡಲಿಲ್ಲ. "ಚಿಂತೆ ಮಾಡಬೇಡಿ ಯಜಮಾನ್ರೇ, ಹುಷಾರಾಗಿ ಇಡ್ತೀನಿ" ಅಂದೆ.

ಇಟ್ಟೆ ಕೂಡ. ಅಂಗೈ ಅಗಲದ ಜಿಪ್ ಚೀಲ. ಬೇರೆಯವರ ಚೀಲದ ಜಿಪ್ ತೆಗೆಯಬಾರದು ಅನ್ನೋದು ನಮ್ಮಲ್ಲಿ ಕಟ್ಟುನಿಟ್ಟು, ಅದಕ್ಕೆ ತೆಗೆಯಲಿಲ್ಲ. ಮೂರು ಸುತ್ತು ಬಬಲ್ ಸುತ್ತಿದೆ. ತುಪ್ಪದ ಬಾಟಲಿ, ಉಪ್ಪಿನಕಾಯಿ ಜಾಡಿಗಳ ಮಧ್ಯೆ ಪೇಪರ್ ತುಂಬಿ ಅಲ್ಲಾಡದ ಹಾಗೆ ಕೂರಿಸಿದೆ. ಬಾಕ್ಸ್ ಮೇಲೆ ಕೆ-11 ಅಂತ ಬರೆದೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ "ಕಿಚನ್, ಮಿಕ್ಸೆಡ್" ಅಂತ ಬರೆದೆ. ಕೆಲಸ ಅಚ್ಚುಕಟ್ಟಾಗಿ ಮಾಡಿದೆ ಅಂತ ನನಗೆ ಸಮಾಧಾನವೂ ಇತ್ತು.

ಎರಡೂವರೆಗೆ ಲೋಡ್ ಮುಗಿಯಿತು. ಸರ್ ಲಿಸ್ಟ್‌ಗೆ ಸಹಿ ಹಾಕಿದರು. 17 ಅಡಿ ಲಾರಿ ಮೂರಕ್ಕೆ ಹೊರಟಿತು. ಅವರ ಕಾರೂ ಹಿಂದೆಯೇ ಹೊರಟಿತು.

ರಾತ್ರಿ ಎಂಟೂ ಹತ್ತಕ್ಕೆ ಮೇಡಂ ಫೋನ್ ಮಾಡಿದರು. ದಾವಣಗೆರೆ ಹತ್ತಿರ ಊಟಕ್ಕೆ ನಿಲ್ಲಿಸಿದ್ದರಂತೆ. "ಅಣ್ಣಾ, ಮಾವನ ಇನ್ಸುಲಿನ್ ಎಲ್ಲಿಟ್ಟಿದ್ದೀರಿ? ಬ್ಯಾಗಿನಲ್ಲಿ ಇಲ್ಲ."

ನೀಲಿ ಚೀಲ ಕಣ್ಣ ಮುಂದೆ ಬಂತು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯ್ತು. ರಾತ್ರಿ ಊಟಕ್ಕೆ ಮೊದಲು ಅವರು ಇಂಜೆಕ್ಷನ್ ತಗೋಬೇಕು. ಬಳಸುತ್ತಿದ್ದ ಇನ್ಸುಲಿನ್ ಪೆನ್, ಸೂಜಿ, ಹೊಸ ಪೆನ್ನುಗಳು, ಎಲ್ಲ ಅದೇ ಚೀಲದಲ್ಲಿ. ಡಾಕ್ಟರ್ ಚೀಟಿ ಇದ್ದ ಫೈಲು ಬೆಡ್‌ರೂಮಿನ ಬಾಕ್ಸ್‌ನಲ್ಲಿ. ಅದನ್ನೂ ಪ್ಯಾಕ್ ಮಾಡಿದ್ದು ನಾವೇ.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಮೊದಲನೆಯದಕ್ಕಿಂತ ಇದೇ ದೊಡ್ಡದು. ಆಫೀಸಿನ ಆ್ಯಪ್ ತೆಗೆದು ನೋಡಿದೆ. ಲಾರಿ "ಡಿಪಾರ್ಟೆಡ್" ಅಂತ ತೋರಿಸುತ್ತಿತ್ತು. ಮೂರಕ್ಕೆ ಹೊರಟಿದ್ದರೆ ಇಷ್ಟೊತ್ತಿಗೆ ಹಿರಿಯೂರು ದಾಟಿರುತ್ತದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಡ್ರೈವರ್ ಫೋನ್ ಎತ್ತಲಿಲ್ಲ. ಎತ್ತುವ ತನಕ ನಾನು ಕಾಯಬೇಕಿತ್ತು. ಕಾಯಲಿಲ್ಲ. "ಅಲ್ಲೇ ಇರಿ ಮೇಡಂ, ಒಂದೂವರೆ ಗಂಟೆಯಲ್ಲಿ ಲಾರಿ ಬರುತ್ತೆ. ಕೆ-11 ಹಿಂದೆಯೇ ಇದೆ, ನಿಲ್ಲಿಸಿ ತೆಗೆಸಿ ಕೊಡ್ತೀನಿ" ಅಂದುಬಿಟ್ಟೆ. ಅವರು ನಂಬಿದರು. ನಂಬದೆ ಏನು ಮಾಡ್ತಾರೆ?

ಡ್ರೈವರ್‌ಗೆ ಇಪ್ಪತ್ತು ಸಲ ಫೋನ್ ಮಾಡಿರಬಹುದು. ಅತ್ತ ಯಜಮಾನರು ಊಟ ಮುಂದಿಟ್ಟುಕೊಂಡು ಕೂತಿದ್ದರು. ತಿಂದರೆ ಸಕ್ಕರೆ ಏರುತ್ತೆ, ತಿನ್ನದಿದ್ದರೆ ಸುಸ್ತು. ಬಿಸ್ಕತ್ತು ಕೊಡಬಹುದಾ ಅಂತ ಮೇಡಂ ನನ್ನನ್ನೇ ಕೇಳಿದರು. ನನಗೇನು ಗೊತ್ತು? ಆ ಹೊತ್ತಿಗೆ ಅವರಿಗೆ ಕೇಳಲು ಬೇರೆ ಯಾರೂ ಇರಲಿಲ್ಲ, ಅಷ್ಟೇ.

ಒಂಬತ್ತೂ ಐದಕ್ಕೆ ಡ್ರೈವರ್ ಫೋನ್ ಎತ್ತಿದ. "ಅಣ್ಣಾ, ನಾನಿನ್ನೂ ನೆಲಮಂಗಲ ಗೋಡೌನ್‌ನಲ್ಲೇ ಇದೀನಿ. ಧಾರವಾಡದ್ದು ಅರ್ಧ ಲೋಡ್ ಬರ್ಬೇಕಂತೆ, ನಾಳೆ ಹತ್ತಿಸ್ತಾರೆ. ಫೋನ್ ಚಾರ್ಜಿಗೆ ಹಾಕಿ ಮಲಗಿದ್ದೆ."

ಲಾರಿ ಪೂರ್ತಿ ತಮಗೇ ಅಂತ ಪಾರ್ಟಿ ಫುಲ್ ಲೋಡಿಗೆ ದುಡ್ಡು ಕೊಟ್ಟಿತ್ತು. ಬಿಲ್ಟಿಯಲ್ಲಿ, ಅಂದರೆ ಲಾರಿ ರಸೀದಿಯಲ್ಲಿ, ಹಾಗೇ ಇತ್ತು. ಆಫೀಸಿನವರು ಸುಮ್ನೆ ಪಾರ್ಟ್ ಲೋಡ್ ಮಾಡಿ ಗೋಡೌನ್‌ಗೆ ತಿರುಗಿಸಿದ್ದರು. ಮನೆ ಬಾಗಿಲು ಬಿಟ್ಟ ಕೂಡಲೇ ಆ್ಯಪ್‌ನಲ್ಲಿ "ಡಿಪಾರ್ಟೆಡ್" ಒತ್ತುತ್ತಾರೆ. ಅದು ಊರು ಬಿಟ್ಟಿದೆ ಅಂತ ಅಲ್ಲ. ಈ ಸಂಗತಿ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಸೀಸನ್‌ನಲ್ಲಿ ಎಷ್ಟು ಸಲ ನೋಡಿಲ್ಲ? ಆದರೂ ಆ ಹೊತ್ತಿನಲ್ಲಿ ನಾನು ಆ್ಯಪ್ ನಂಬಿದೆ. ನಂಬಬೇಕು ಅಂತ ನನಗೇ ಆಸೆ ಇತ್ತು. ಮೇನೇಜರ್‌ಗೆ ಫೋನ್ ಮಾಡಿದರೆ, "ಪಾರ್ಟಿಗೆ ಲಾರಿ ಬ್ರೇಕ್‌ಡೌನ್ ಅಂತ ಹೇಳು" ಅಂದರು.

ನಾನು ಹೇಳಲಿಲ್ಲ. ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲಾರಿ ಬೆಂಗಳೂರೇ ಬಿಟ್ಟಿಲ್ಲ, ನಾನು ತಿಳಿಯದೆ ಕಾಯಿಸಿದೆ, ಈಗಲೇ ಔಷಧಿ ಅಂಗಡಿಗೆ ಹೋಗಿ ಅಂದೆ. ಒಂದು ನಿಮಿಷ ಅವರು ಮಾತಾಡಲಿಲ್ಲ. ಆ ಒಂದು ನಿಮಿಷಕ್ಕಿಂತ ಅವರು ಬೈದಿದ್ದರೇ ಚೆನ್ನಾಗಿತ್ತು.

ದಾವಣಗೆರೆ ಎರಡು ಮೆಡಿಕಲ್ ಕಾಲೇಜು ಇರುವ ಊರು. ಆಸ್ಪತ್ರೆ ಹತ್ತಿರದ ಅಂಗಡಿಗಳು ರಾತ್ರಿಯೂ ತೆಗೆದಿರುತ್ತವೆ. ಮೊದಲ ಅಂಗಡಿಯವರು ಚೀಟಿ ಇಲ್ಲದೆ ಕೊಡಲ್ಲ ಅಂದರು. ಅದು ಸರಿಯೇ. ಇನ್ಸುಲಿನ್‌ನಲ್ಲಿ ಬೇರೆ ಬೇರೆ ಬಗೆ ಇದೆ, ಅಂದಾಜಿನ ಮೇಲೆ ಕೊಡೋಕೆ ಆಗಲ್ಲ. ವಿಜಯನಗರದ ಡಾಕ್ಟರ್ ಸಿಕ್ಕಿ ವಾಟ್ಸ್ಆ್ಯಪ್‌ನಲ್ಲಿ ಚೀಟಿ ಕಳಿಸುವಾಗ ಒಂಬತ್ತೂ ಮುಕ್ಕಾಲು. ಯಜಮಾನರು ಇಂಜೆಕ್ಷನ್ ತಗೊಂಡು ಊಟ ಮಾಡುವಾಗ ಹತ್ತು ದಾಟಿತ್ತು. ನಾನು ಸುಳ್ಳು ಭರವಸೆ ಕೊಡದಿದ್ದರೆ ಒಂದು ಗಂಟೆ ಮೊದಲೇ ಆಗುತ್ತಿತ್ತು.

ಮರುದಿನ ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಇಳಿಸುವುದು ಅಲ್ಲಿನ ಹುಡುಗರ ಕೆಲಸ, ನಾನು ಹೋಗಬೇಕಿರಲಿಲ್ಲ. ಮನಸ್ಸು ತಡೆಯಲಿಲ್ಲ. ಲಾರಿ ಬಂದಾಗ ಮಧ್ಯಾಹ್ನ ನಾಲ್ಕು. ಮೊದಲು ಕೆ-11 ಇಳಿಸಿ ಯಜಮಾನರ ಮುಂದೆ ಬಿಚ್ಚಿದೆ. ಬಬಲ್ ಸುತ್ತಿದ ಹಾಗೇ ಇತ್ತು. ಚೀಲ ಬೆಚ್ಚಗಿತ್ತು. ಇನ್ನೂ ಬಳಸದ ಪೆನ್ನುಗಳನ್ನು ಫ್ರಿಜ್‌ನಲ್ಲೇ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಅಂತ ಡಬ್ಬಿ ಮೇಲೇ ಬರೆದಿತ್ತು. ಮೇ ತಿಂಗಳ ಬಿಸಿಲಲ್ಲಿ ಮುಚ್ಚಿದ ಲಾರಿ ಒಳಗೆ ಎರಡು ದಿನ! ನಾಲ್ಕು ಪೆನ್ ಬಿಸಾಕಬೇಕಾಯ್ತು. ಟ್ರಾನ್ಸಿಟ್ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಹಾಕಿದರೆ, ಔಷಧಿ ಲಿಸ್ಟ್‌ನಲ್ಲಿ ಇಲ್ಲ ಅಂತ ಆಫೀಸಿನವರು ವಾಪಸ್ ಕಳಿಸಿದರು. ಲಿಸ್ಟ್ ಬರೆದವನು ನಾನೇ. ನನ್ನ ಕೈಯಿಂದ ದುಡ್ಡು ಕೊಡಲು ಹೋದೆ, ಯಜಮಾನರು ತಗೊಳ್ಳಲಿಲ್ಲ.

"ನಾ ಹೇಳಿದ್ನಲ್ಲಾ ತಮ್ಮಾ" ಅಂದರು. ಅಷ್ಟೇ. ಹೌದು, ಹೇಳಿದ್ದರು. ಹುಷಾರ ಅಂದರೆ ಪ್ಯಾಕ್ ಮಾಡು ಅಂತ ನಾನು ತಿಳಿದುಕೊಂಡೆ. ನಮ್ಮ ಕಿವಿಗೆ ಯಾವ ಮಾತು ಬಿದ್ದರೂ ಅದು ಪ್ಯಾಕ್ ಮಾಡು ಅಂತಲೇ ಕೇಳುತ್ತದೆ. ಏನು ಅಂತ ಒಂದು ಸಲ ತಿರುಗಿ ಕೇಳಿದ್ದರೆ ಸಾಕಿತ್ತು.

ಈಗ ಬಾಕ್ಸ್ ತುಂಬುವ ಮೊದಲು ಒಂದು ಬಚ್ಚಲುಮನೆ ಖಾಲಿ ಮಾಡಿಸುತ್ತೇನೆ. ಕೈಯಲ್ಲಿ ಒಯ್ಯುವುದೆಲ್ಲ ಅಲ್ಲಿಗೆ: ಔಷಧಿ, ಚೀಟಿ, ಕನ್ನಡಕ, ಚಾರ್ಜರ್, ಮನೆ ಪತ್ರ, ಒಡವೆ, ಮಗುವಿನ ಹಾಲಿನ ಬಾಟಲಿ. ಬಾಗಿಲಿಗೆ ಅಡ್ಡ ಟೇಪ್ ಹಚ್ಚಿ, ಒಳಗೆ ಕಾಲಿಡಬೇಡಿ ಅಂತ ಹುಡುಗರಿಗೆ ಹೇಳುತ್ತೇನೆ. ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರ ಹತ್ತಿರ ಮೊದಲು ಕೂತು, ದಿನಕ್ಕೆ ಏನೇನು ಬೇಕು, ಯಾವ ಹೊತ್ತಿಗೆ ಬೇಕು ಅಂತ ಕೇಳುತ್ತೇನೆ. ಅವರ ಕುರ್ಚಿ ಲಾರಿಗೆ ಹೋಗೋದು ಎಲ್ಲಕ್ಕಿಂತ ಕೊನೆಗೆ. ಲಿಸ್ಟ್‌ನಲ್ಲಿ "ಮಿಕ್ಸೆಡ್" ಅಂತ ಬರೆಯುವುದು ಬಿಟ್ಟಿದ್ದೇನೆ. ಇದಕ್ಕೆಲ್ಲ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ. ಎರಡನೇ ಮನೆಗೆ ಲೇಟ್ ಆಯ್ತು ಅಂತ ಮೇನೇಜರ್ ಕೂಗಾಡುತ್ತಾರೆ. ಕೂಗಾಡಲಿ. ಆ್ಯಪ್‌ನಲ್ಲಿ "ಡಿಪಾರ್ಟೆಡ್" ಒತ್ತುವುದು ಈಗಲೂ ಹಾಗೇ ನಡೆದಿದೆ. ಅದಕ್ಕೆ ಲಾರಿ ಎಲ್ಲಿದೆ ಅಂತ ಪಾರ್ಟಿ ಕೇಳಿದರೆ, ಡ್ರೈವರ್ ಬಾಯಿಂದ ಕೇಳುವ ತನಕ ನಾನು ಉತ್ತರ ಕೊಡಲ್ಲ.

ಹೋದ ವಾರ ಮಲ್ಲೇಶ್ವರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಬಚ್ಚಲುಮನೆಯ ಬಕೆಟ್‌ನಲ್ಲಿ ಕಿವಿ ಮಿಷನ್‌ನ ಬ್ಯಾಟರಿ, ಎಲೆಅಡಿಕೆ ಡಬ್ಬಿ, ಗಂಡನ ಫೋಟೋ ಇಟ್ಟರು. ಇನ್ನೇನಾದರೂ ಇದೆಯಾ ಅಮ್ಮಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ದೇವರ ಮನೆಯಿಂದ ಗಂಟೆ ತಂದು ಅದರಲ್ಲೇ ಇಟ್ಟರು.