ದಾಝೈ ಗದ್ದೆಯಲ್ಲಿ ಅಮ್ಮನ ನೆಟ್ಟಿ

ಅಮ್ಮ ಗದ್ದೆಗೆ ಇಳಿಯದೆ ಹನ್ನೊಂದು ವರ್ಷ ಆಗಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ, ಮನೆ ಮುಂದಿನ ಗದ್ದೆಗೆಲ್ಲ 2008ರಲ್ಲಿ ಅಡಿಕೆ ಸಸಿ ಇಟ್ಟ ಮೇಲೆ ಅವಳಿಗೆ ಇಳಿಯಲು ಗದ್ದೆಯೇ ಉಳಿದಿರಲಿಲ್ಲ. ಮತ್ತೆ ಇಳಿದಿದ್ದು 2019ರ ಜೂನ್ ಮೊದಲ ವಾರದಲ್ಲಿ, ದಕ್ಷಿಣ ಚೀನಾದ ದಾಝೈ ಎಂಬ ಬೆಟ್ಟದ ಹಳ್ಳಿಯಲ್ಲಿ. ಟೂರ್ ಪ್ಯಾಕೇಜಿನ ಐದನೇ ದಿನ, ಬಸ್ ಹೊರಡಲು ಇನ್ನು ಒಂದೂವರೆ ಗಂಟೆ ಇದ್ದಾಗ.

ಬೆಂಗಳೂರಿನಿಂದ ಹೊರಟ ಗುಂಪಿನಲ್ಲಿ ನಾವು ಇಪ್ಪತ್ತೆರಡು ಜನ. ಅಪ್ಪನನ್ನೂ ಕರೆದಿದ್ದೆ. "ಕೊಟ್ಟಿಗೆ ಯಾರು ನೋಡದು?" ಅಂತ ಅವರು ಊರಲ್ಲೇ ಉಳಿದರು. ಅಮ್ಮನಿಗೆ ಅರವತ್ತಾರು. ಅವಳ ಸೂಟ್‌ಕೇಸಿನಲ್ಲಿ ಸೀರೆಗಳಿಗಿಂತ ಜಾಸ್ತಿ ಜಾಗ ಹಿಡಿದಿದ್ದು ಅವಲಕ್ಕಿ, ಉಪ್ಪಿನಕಾಯಿ ಮತ್ತು ಕಷಾಯದ ಪುಡಿ.

ಗುವಾಂಗ್‌ಝೌನಲ್ಲಿ ಎರಡು ದಿನ ಇದ್ದೆವು. 600 ಮೀಟರ್ ಎತ್ತರದ ಕ್ಯಾಂಟನ್ ಟವರ್, ಪರ್ಲ್ ನದಿಯ ಮೇಲೆ ರಾತ್ರಿಯ ದೋಣಿ, ಬಣ್ಣ ಬದಲಿಸುವ ಕಟ್ಟಡಗಳು. ಅಮ್ಮ ಎಲ್ಲವನ್ನೂ ನೋಡಿದಳು. ಕೇಳಿದರೆ "ಚೆನ್ನಾಗಿದೆ" ಅಂದಳು. ಅಷ್ಟೇ. ಅವಳು ನಿಂತು ನೋಡಿದ್ದು ಚೆನ್ ವಂಶದವರ ಪೂರ್ವಜರ ಮಂದಿರವನ್ನು ಮಾತ್ರ. 1894ರಲ್ಲಿ ಕಟ್ಟಿ ಮುಗಿಸಿದ್ದಂತೆ. ಅದರ ಮಾಡಿನ ನೆತ್ತಿಯ ಉದ್ದಕ್ಕೂ ಮನುಷ್ಯರು, ಮಂಟಪಗಳು, ಪ್ರಾಣಿಗಳು, ಹೂಬಳ್ಳಿಗಳು, ಎಲ್ಲ ಬಣ್ಣಬಣ್ಣದ ಗೊಂಬೆಗಳು. "ಇಷ್ಟು ಮಳೆ ಬೀಳೋ ಊರಲ್ಲಿ ಮಾಡಿನ ಮೇಲೆ ಗೊಂಬೆ ಇಟ್ಟಿದಾರಲ್ಲ, ನೀರು ಎಲ್ಲಿಂದ ಇಳಿಯತ್ತೆ?" ಅಂತ ಕೇಳಿದಳು. ಹೆಂಚಿನ ಮನೆಯಲ್ಲಿ ಬದುಕಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?

ಅವಳಿಗೆ ನಿಜಕ್ಕೂ ಇಷ್ಟವಾದದ್ದು ಬಿಸಿನೀರು. ಚೀನಾದಲ್ಲಿ ಜನ ಬಿಸಿನೀರನ್ನೇ ಕುಡಿಯುತ್ತಾರೆ. ಹೋಟೆಲ್ ಕೋಣೆಯಲ್ಲಿ ಕೆಟಲ್, ಸ್ಟೇಷನ್ನಿನಲ್ಲಿ ಕುದಿನೀರಿನ ನಲ್ಲಿ, ರೈಲಿನೊಳಗೂ ನಲ್ಲಿ. ಗುವಾಂಗ್‌ಝೌನಿಂದ ಗುಯಿಲಿನ್‌ಗೆ ಹೋಗುವ ವೇಗದ ರೈಲು ಶುರುವಾದದ್ದು 2014ರ ಕೊನೆಯಲ್ಲಿ. ಮೂರು ಗಂಟೆಯೊಳಗೆ ಮುಟ್ಟಿಸುತ್ತದೆ. ಅಷ್ಟರಲ್ಲಿ ಅಮ್ಮ ಎರಡು ಸಲ ಕಷಾಯ ಮಾಡಿ ಅಕ್ಕಪಕ್ಕದ ಸೀಟಿನವರಿಗೂ ಕೊಟ್ಟಳು. ಆಚೆ ಸಾಲಿನ ಚೀನೀ ಅಜ್ಜ ಒಬ್ಬರು ಕೊತ್ತಂಬರಿ, ಜೀರಿಗೆಯ ವಾಸನೆಗೆ ತಿರುಗಿ ನೋಡಿದರು. ಅವರಿಗೂ ಅರ್ಧ ಲೋಟ ಹೋಯಿತು. ಕುಡಿದು ತಲೆಯಾಡಿಸಿದರು.

ಗುಯಿಲಿನ್‌ನಿಂದ ಯಾಂಗ್‌ಶುವೊ ತನಕ ಲಿ ನದಿಯಲ್ಲಿ 83 ಕಿಲೋಮೀಟರ್. ಅದರಲ್ಲಿ ಬಹುಭಾಗ ದೋಣಿಯಲ್ಲೇ ಹೋದೆವು, ನಾಲ್ಕು ಗಂಟೆಗೂ ಮಿಕ್ಕಿ. ಎರಡೂ ದಡದಲ್ಲಿ ಒಂಟಿ ಒಂಟಿಯಾಗಿ ನೆಟ್ಟಗೆ ಎದ್ದು ನಿಂತ ಗುಡ್ಡಗಳು. ಎಲ್ಲ ಸುಣ್ಣದ ಕಲ್ಲು. ಮಳೆನೀರು ಕೋಟ್ಯಂತರ ವರ್ಷ ಕರಗಿಸಿ ಕರಗಿಸಿ ಉಳಿಸಿದ್ದು ಇಷ್ಟು. ಮಂಜು ಇಳಿದಾಗ ಹಿಂದಿನ ಗುಡ್ಡ ಮಾಯವಾಗಿ ಮುಂದಿನದು ಮಾತ್ರ ಕಾಣುತ್ತಿತ್ತು. ಶಿಂಗ್‌ಪಿಂಗ್ ಬಂದಾಗ ಎಲ್ಲರೂ 20 ಯುವಾನ್ ನೋಟು ಹಿಡಿದು ಮೇಲಿನ ಅಟ್ಟಕ್ಕೆ ಓಡಿದರು. ನೋಟಿನ ಹಿಂಬದಿಯ ಚಿತ್ರ ಅದೇ ಜಾಗದ್ದು. "ಯಾಣದ ಬಂಡೆಗೆ ಹಸಿರು ಹೊದೆಸಿದ ಹಾಗಿದೆ" ಅಂದಳು ಅಮ್ಮ. ಯಾಣದ್ದೂ ಸುಣ್ಣದ ಕಲ್ಲೇ. ಅದು ಅವಳಿಗೆ ಗೊತ್ತಿರಲಿಲ್ಲ, ಕಣ್ಣಿಗೆ ಗೊತ್ತಾಗಿತ್ತು.

ಮಾರನೇ ದಿನ ದಾಝೈಗೆ ಹೊರಡಬೇಕಿತ್ತು. ಅದಕ್ಕೆ ಮೊದಲು ನಮ್ಮನ್ನು ಒಂದು ಹರಳಿನ ಅಂಗಡಿಗೆ ಕರೆದೊಯ್ದರು. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಗಂಟೆಗೂ ಮೀರಿ ಅಲ್ಲೇ ಕೂರಿಸಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ಜನ ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಮಂಡಿನೋವು ಸಹಿಸಿಕೊಂಡು ಇಷ್ಟು ದೂರ ಬಂದಿರುತ್ತಾರೆ. ಅವರ ಸಮಯವನ್ನು ಹೀಗೆ ಮಾರುವುದು ತಪ್ಪು. ನಾನು ಹೇಳಿದೆ, ಇನ್ನೂ ಮೂರ್ನಾಲ್ಕು ಜನ ದನಿಗೂಡಿಸಿದರು, ಬಸ್ ಹೊರಟಿತು.

ಲೊಂಗ್‌ಶೆಂಗ್ ಕಡೆಗೆ ಎರಡೂವರೆ ಗಂಟೆ ದಾರಿ. ಕೊನೆಯ ಭಾಗ ಆಗುಂಬೆ ಘಾಟಿಯ ಹಾಗೆ ತಿರುವಿನ ಮೇಲೆ ತಿರುವು. ಅಲ್ಲಿನ ಮೆಟ್ಟಿಲುಗದ್ದೆಗಳಿಗೆ ಲೊಂಗ್‌ಜಿ ಅಂತ ಹೆಸರು. ಡ್ರ್ಯಾಗನ್ನಿನ ಬೆನ್ನೆಲುಬು ಅಂತ ಅರ್ಥ. ಪಿಂಗ್‌ಆನ್ ಕಡೆ ಝುವಾಂಗ್ ಜನ, ದಾಝೈ ಕಡೆ ಕೆಂಪು ಯಾವ್ ಜನ. ಯುವಾನ್ ವಂಶದ ಕಾಲದಲ್ಲಿ, ಅಂದರೆ ಸುಮಾರು 700 ವರ್ಷದ ಹಿಂದೆ ಈ ಬೆಟ್ಟ ಕಡಿಯಲು ಶುರು ಮಾಡಿ, ಚಿಂಗ್ ವಂಶದ ಕಾಲದವರೆಗೂ ಕಡಿಯುತ್ತಲೇ ಹೋದರಂತೆ. ಸುಮಾರು 300 ಮೀಟರ್ ಎತ್ತರದಿಂದ 1,100 ಮೀಟರ್ ತನಕ ಗದ್ದೆಯ ಮೇಲೆ ಗದ್ದೆ.

ಕೇಬಲ್ ಕಾರಿನಲ್ಲಿ ಜಿನ್‌ಫೋದಿಂಗ್ ಎಂಬ ತುದಿಗೆ ಹೋದೆವು. ಜೂನ್ ಮೊದಲಲ್ಲಿ ಅಲ್ಲಿ ನೆಟ್ಟಿಯ ಹೊತ್ತು. ಕೆಲವು ಗದ್ದೆಗಳಲ್ಲಿ ಆಗಲೇ ಎಳೆಹಸಿರು. ಉಳಿದವುಗಳಲ್ಲಿ ಬರೀ ನೀರು, ನೀರಲ್ಲಿ ಮೋಡ. ಗುಂಪಿನವರೆಲ್ಲ ಫೋಟೋ ತೆಗೆಯುತ್ತಿದ್ದರು. ಅಮ್ಮ ಕಟಕಟೆ ಹಿಡಿದು ನಿಂತಳು. ಐದು ನಿಮಿಷ ಒಂದು ಮಾತೂ ಇಲ್ಲ. ಆಮೇಲೆ ಅಂದಳು:

"ಅಂಚು ನೋಡು ಕಣೆ. ಇಷ್ಟು ಕಡಿದಾದ ಬೆಟ್ಟ. ಒಂದು ಕಡೆನೂ ಕುಸಿದಿಲ್ಲ."

ನಮ್ಮ ಗೈಡ್ ಗುಯಿಲಿನ್‌ನ ಹುಡುಗಿ. ಅವಳ ಇಂಗ್ಲಿಷ್ ನನಗೆ, ನನ್ನ ಕನ್ನಡ ಅಮ್ಮನಿಗೆ. ಅವಳೊಂದು ಕತೆ ಹೇಳಿದಳು. ಒಬ್ಬ ರೈತ ದಿನವಿಡೀ ಕೆಲಸ ಮಾಡಿ ಸಂಜೆ ತನ್ನ ಗದ್ದೆಗಳನ್ನು ಎಣಿಸಿದನಂತೆ. ಎಷ್ಟು ಸಲ ಎಣಿಸಿದರೂ ಒಂದು ಗದ್ದೆ ಕಡಿಮೆ. ಕೊನೆಗೆ ಮನೆಗೆ ಹೊರಡಲು ತನ್ನ ನಾರಿನ ಮಳೆಹೊದಿಕೆ ಎತ್ತಿದರೆ, ಕಳೆದುಹೋದ ಗದ್ದೆ ಅದರಡಿಯಲ್ಲೇ ಇತ್ತಂತೆ. ಅಲ್ಲಿನ ಗದ್ದೆಗಳು ಅಷ್ಟು ಚಿಕ್ಕವು. ನಾನು "ಮಳೆಹೊದಿಕೆ" ಅನ್ನುವಷ್ಟರಲ್ಲಿ ಅಮ್ಮ "ಗೊರಬು!" ಅಂದಳು. ನಮ್ಮಲ್ಲಿ ಬಿದಿರಿನ ಹೆಣಿಗೆಗೆ ಎಲೆ ಮುಚ್ಚಿ ಮಾಡುತ್ತಿದ್ದ ಗೊರಬನ್ನು ತಲೆಗೆ ಹಾಕಿದರೆ ಬಗ್ಗಿದ ಬೆನ್ನು ಪೂರ್ತಿ ಮುಚ್ಚುತ್ತಿತ್ತು. ಅವಳು ಅದನ್ನು ಹಾಕಿಕೊಂಡೇ ಮೂವತ್ತು ಮಳೆಗಾಲ ನೆಟ್ಟಿ ಮಾಡಿದವಳು. ಈಗ ಅಟ್ಟದ ಮೇಲಿದೆ, ಗೆದ್ದಲು ಹಿಡಿದು.

ಕೆಳಗಿಳಿಯಲು ಮತ್ತೆ ಕೇಬಲ್ ಕಾರು. ಅಮ್ಮ ಹತ್ತಲಿಲ್ಲ. "ಗದ್ದೆ ದಾರೀಲಿ ನಡೆದು ಬರ್ತೀನಿ." ಗುವಾಂಗ್‌ಝೌನಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಕೂರಲು ಜಾಗ ಹುಡುಕುತ್ತಿದ್ದವಳು! ಮೂರೂವರೆಗೆ ಬಸ್, ತಪ್ಪಿಸಬೇಡಿ ಅಂತ ಟೂರ್ ಮ್ಯಾನೇಜರ್ ಹೇಳಿ ಗುಂಪಿನ ಜೊತೆ ಹೋದರು. ಗೈಡ್ ಹುಡುಗಿ ನಮ್ಮ ಜೊತೆ ಉಳಿದಳು.

ಕಲ್ಲಿನ ಮೆಟ್ಟಿಲು. ಪಕ್ಕದಲ್ಲೇ ನೀರಿನ ಸದ್ದು. ಬೆಟ್ಟದ ನೆತ್ತಿಯ ಕಾಡನ್ನು ಅವರು ಮುಟ್ಟುವುದಿಲ್ಲ. ಅಲ್ಲಿ ಇಂಗಿದ ನೀರು ವರ್ಷವಿಡೀ ಜಿನುಗುತ್ತದೆ. ಅದನ್ನು ಸೀಳಿದ ಬಿದಿರಿನಲ್ಲಿ ಹಿಡಿದು ಗದ್ದೆಗೆ ಬಿಡುತ್ತಾರೆ. ಅಲ್ಲಿಂದ ಒಂದರಿಂದ ಒಂದಕ್ಕೆ, ಕೆಳಗಿನ ಹೊಳೆಯ ತನಕ. ಬಿದಿರಿನ ಬಾಯಿಂದ ಬೀಳುವ ನೀರಿಗೆ ಅಮ್ಮ ಕೈಯೊಡ್ಡಿದಳು. "ಥೇಟ್ ನಮ್ಮನೆ ಅಬ್ಬಿ" ಅಂದಳು. ನಮ್ಮ ಹಿತ್ತಲಿಗೂ ಗುಡ್ಡದ ನೀರು ಬರುತ್ತಿದ್ದುದು ಹೀಗೇ, ಅಡಿಕೆ ದಬ್ಬೆಯಲ್ಲಿ. ಈಗ ಕಪ್ಪು ಪೈಪಿದೆ.

ಇನ್ನಷ್ಟು ಇಳಿದಾಗ ಮೂವರು ಹೆಂಗಸರು ನೆಟ್ಟಿ ಮಾಡುತ್ತಿದ್ದರು. ಬಾಳೆ ಎಲೆಯ ಹಾಗೆ ಬಾಗಿದ, ಆರೇಳು ಸಾಲು ಹಿಡಿಯುವಷ್ಟು ಅಗಲದ ಗದ್ದೆ. ತಲೆಗೆ ಕಪ್ಪು ಬಟ್ಟೆ ಸುತ್ತಿದ್ದರು. ಕೆಂಪು ಯಾವ್ ಹೆಂಗಸರು ಹದಿನೆಂಟರ ವಯಸ್ಸಲ್ಲಿ ಒಂದೇ ಒಂದು ಸಲ ಕೂದಲು ಕತ್ತರಿಸುವುದು, ಆಮೇಲೆ ಬದುಕಿಡೀ ಕತ್ತರಿ ಮುಟ್ಟಿಸುವುದಿಲ್ಲ ಅಂತ ಗೈಡ್ ಹೇಳಿದಳು. ಅಮ್ಮನಿಗೆ ಅದು ಕೇಳಿಸಲೇ ಇಲ್ಲ. ಅವಳು ಅವರ ಕೈ ನೋಡುತ್ತಿದ್ದಳು.

"ಮೂರು ಮೂರು ಸಸಿ ಹಿಡಿತಾರೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಚಿಕ್ಕವಳು ಆಳಕ್ಕೆ ಊರ್ತಿದಾಳೆ. ಕೊಳೆಯತ್ತೆ."

ಮೂವರಲ್ಲಿ ಹಿರಿಯಾಕೆ ತಲೆಯೆತ್ತಿದರು. ಹೆಚ್ಚುಕಡಿಮೆ ಅಮ್ಮನದೇ ವಯಸ್ಸು. ಅಮ್ಮ ಬಲಗೈಯ ಹೆಬ್ಬೆರಳಿಗೆ ಎರಡು ಬೆರಳು ಜೋಡಿಸಿ, ಗಾಳಿಯಲ್ಲೇ ಒಂದು ಸಸಿ ಊರಿ ತೋರಿಸಿದಳು. ಆಕೆ ನಕ್ಕುಬಿಟ್ಟರು. ಏನೋ ಅಂದರು.

"ಬಂದು ನೆಡಿ ಅಂತಿದ್ದಾರೆ," ಅಂದಳು ಗೈಡ್.

ನಾನು ಗಡಿಯಾರ ನೋಡುವಷ್ಟರಲ್ಲಿ ಅಮ್ಮ ಶೂ ಬಿಚ್ಚಿ, ಸೀರೆ ಎತ್ತಿ ಕಟ್ಟಿ, ಕೆಸರಲ್ಲಿ ಮೊಣಕಾಲಿನ ತನಕ ಇಳಿದಾಗಿತ್ತು. "ಅಬ್ಬಾ, ತಂಪು!" ಅಂದಳು. ಸಸಿಯ ಕಟ್ಟನ್ನು ಎಡಗೈಗೆ ತೆಗೆದುಕೊಂಡಳು. ಕಟ್ಟಿದ್ದ ಹುಲ್ಲನ್ನು ಒಂದೇ ಎಳೆತಕ್ಕೆ ಬಿಚ್ಚಿದಳು. ಬಗ್ಗಿದಳು. ಎಡಗೈ ಹೆಬ್ಬೆರಳು ಸಸಿಗಳನ್ನು ಬಿಡಿಸಿ ಮುಂದೆ ತಳ್ಳುತ್ತಿತ್ತು, ಬಲಗೈ ಅದನ್ನು ಹಿಡಿದು ಊರುತ್ತಿತ್ತು, ಕಾಲು ಹಿಂದೆ ಹಿಂದೆ ಸರಿಯುತ್ತಿತ್ತು. ಕಣ್ಣು ಕೈಯ ಮೇಲೆ ಇರಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಕೈ ಏನನ್ನೂ ಮರೆತಿರಲಿಲ್ಲ.

ಒಂದು ಸಾಲು ಮುಗಿದಾಗ ಹಿರಿಯಾಕೆ ಬಂದು ನೋಡಿದರು. ಅಮ್ಮ ನೆಟ್ಟ ನಾಲ್ಕು ಸಸಿ ಕಿತ್ತರು. ಅಂಚಿನ ಬಾಗಿಗೆ ಸರಿಯಾಗಿ ಅವನ್ನು ಮತ್ತೆ ಊರಿದರು. ಅಮ್ಮ ನಮ್ಮ ಚೌಕದ ಗದ್ದೆಯ ರೂಢಿಯಲ್ಲಿ ನೇರ ಸಾಲು ಹಿಡಿದಿದ್ದಳು. ಇಂಥ ಬಾಗಿದ ಗದ್ದೆಯಲ್ಲಿ ನೇರ ಸಾಲು ಹಿಡಿದರೆ ಅಂಚಿನ ಬದಿ ಜಾಗ ಸುಮ್ನೆ ಹಾಳು. ಅಮ್ಮ "ಹೌದು ಹೌದು" ಅಂದಳು, ಕನ್ನಡದಲ್ಲೇ. ಎರಡನೇ ಸಾಲು ಅಂಚಿನ ಜೊತೆಗೇ ಬಾಗುತ್ತಾ ಬಂತು. ಹಿರಿಯಾಕೆ ಅವಳ ಪಕ್ಕದಲ್ಲೇ ತಮ್ಮ ಸಾಲು ಹಿಡಿದರು. ಇಬ್ಬರೂ ಏನೇನೋ ಮಾತಾಡುತ್ತಿದ್ದರು, ಇವಳು ಇವಳ ಭಾಷೆಯಲ್ಲಿ, ಅವರು ಅವರ ಭಾಷೆಯಲ್ಲಿ. ಗೈಡ್ ಅನುವಾದ ಮಾಡಲು ಹೋಗಲಿಲ್ಲ.

ಅಂಚಿನ ಮೇಲೆ ಕೂತು ನಾನು ಆ ಹುಡುಗಿಯನ್ನು ಕೇಳಿದೆ, ಈ ಕಾಲದಲ್ಲೂ ಇವರು ಗದ್ದೆ ಬಿಡದೆ ಹೇಗೆ ಮಾಡುತ್ತಾರೆ? ಇಲ್ಲಿ ಯಂತ್ರ ಹತ್ತುವುದು ಕಷ್ಟ. ಚಳಿಯಿಂದಾಗಿ ವರ್ಷಕ್ಕೆ ಒಂದೇ ಬೆಳೆ. ಇವರ ಮಕ್ಕಳೂ ಗುವಾಂಗ್‌ಡಾಂಗ್‌ನ ಕಾರ್ಖಾನೆಗಳಿಗೆ ಹೋದವರೇ. ಅವಳು ಹೇಳಿದಳು: ಜನ ನೋಡಲು ಬರುವುದು ಗದ್ದೆಯನ್ನು, ಹಾಗಾಗಿ ಟಿಕೆಟ್ ದುಡ್ಡಿನಲ್ಲಿ ಹಳ್ಳಿಗೂ ಪಾಲಿದೆ. ಆ ಪಾಲು ಹಂಚುವಾಗ ಯಾರು ಎಷ್ಟು ಗದ್ದೆ ನೆಟ್ಟಿದ್ದಾರೆ ಅಂತ ನೋಡುತ್ತಾರೆ. ಹೋದವರಲ್ಲಿ ಕೆಲವರು ವಾಪಸ್ ಬಂದು ಲಾಡ್ಜ್ ಇಟ್ಟಿದ್ದಾರೆ. ಈ ಗದ್ದೆಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಮ್ಮ ಗದ್ದೆಗೆ ಅಡಿಕೆ ಹಾಕಿಸಿದ್ದು ನಾನೇ. ಆಳು ಸಿಗಲ್ಲ, ಭತ್ತಕ್ಕೆ ರೇಟಿಲ್ಲ, ಊರಲ್ಲಿ ಎಲ್ಲರೂ ಹಾಕಿದ್ದಾರೆ ಅಂತ ಲೆಕ್ಕ ಬರೆದು ಅಪ್ಪನಿಗೆ ತೋರಿಸಿದ್ದೆ. ಲೆಕ್ಕ ತಪ್ಪಿರಲಿಲ್ಲ. ಮನೆಯ ಸಾಲ ತೀರಿದ್ದು ಆ ಅಡಿಕೆಯಿಂದಲೇ. ಆದರೆ ಆಗ ಅಮ್ಮ ಒಂದು ಮಾತು ಹೇಳಿದ್ದಳು: "ಕೆಳಗಿನ ಗದ್ದೆ ಒಂದು ಬಿಡಿ, ಮನೆ ಉಣ್ಣಕ್ಕೆ." ಬಿಡಲಿಲ್ಲ. ಅದು ಒಂದೇ ಯಾಕೆ ಅಂದುಕೊಂಡೆವು. ಅವಳು ಆಮೇಲೆ ಆ ಸುದ್ದಿ ಎತ್ತಲೇ ಇಲ್ಲ. ಅವಳಿಗೆ ನೋವಾಗಿರಲಿಲ್ಲ ಅಂತ ನಾನು ತಿಳಿದಿದ್ದೆ. ದಾಝೈನ ಅಂಚಿನ ಮೇಲೆ ಕೂತು, ಅವಳ ಬಗ್ಗಿದ ಬೆನ್ನು ಮೋಡ ತುಂಬಿದ ನೀರಿನಲ್ಲಿ ಸರಿಯುವುದನ್ನು ನೋಡುವಾಗ ಗಂಟಲು ಕಟ್ಟಿಬಂತು.

ನಾಲ್ಕು ಸಾಲು ನೆಟ್ಟಳು. ಗೈಡ್ ಮೂರು ಸಲ ಕರೆದ ಮೇಲೆ ಎದ್ದಳು. ಬಿದಿರಿನ ನೀರಲ್ಲಿ ಕಾಲು ತೊಳೆದಳು. ಹಿರಿಯಾಕೆ ಗದ್ದೆಯಂಚಿನ ಬುಟ್ಟಿಯಿಂದ ಬಿದಿರಿನ ಕೊಳವೆಯೊಳಗೆ ಬೇಯಿಸಿದ ಅನ್ನ ತೆಗೆದುಕೊಟ್ಟರು. ಅಮ್ಮ ಕೈಚೀಲ ತಡಕಿದಳು. ಸಿಕ್ಕಿದ್ದು ಕಷಾಯದ ಪುಡಿಯ ಡಬ್ಬಿ. ಅದನ್ನೇ ಅವರ ಕೈಗಿಟ್ಟಳು. "ಬಿಸಿನೀರಿಗೆ ಹಾಕಿ ಕುಡೀಬೇಕು ಅಂತ ಹೇಳು. ಮಳೇಲಿ ನೆಂದ ದಿನ." ನಾನು ಗೈಡಿಗೆ ಹೇಳಿದೆ, ಗೈಡ್ ಅವರಿಗೆ ಹೇಳಿದಳು. ಆಕೆ ಡಬ್ಬಿಯನ್ನು ಮೂಸಿ, ಎದೆಗೆ ಒತ್ತಿ ಹಿಡಿದರು.

ಬಸ್ ಹತ್ತಿದಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಎಲ್ಲರ ಹತ್ತಿರ ಕ್ಷಮೆ ಕೇಳಿದೆ. ಅಮ್ಮನ ಸೀರೆಯ ಅಂಚಿನ ಕೆಸರು ನೋಡಿ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಅವಳು ಕಿಟಕಿ ಪಕ್ಕ ಕೂತು, ತಿರುವು ತಿರುವಿಗೂ ಕೆಳಗೆ ನೋಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿತ್ತು.

"ಒಂದು ಕೇಳು ಕಣೆ," ಅಂದಳು. "ಇಷ್ಟೊಂದು ಅಂಚು. ಏಡಿ ತೂತು ಕೊರೆಯಲ್ವಾ? ನೀರೆಲ್ಲ ಸೋರಿ ಹೋಗಿಬಿಡ್ತದಲ್ಲ, ಎಂತ ಮಾಡ್ತಾರೆ?"

ಗೈಡಿಗೆ ಗೊತ್ತಿರಲಿಲ್ಲ. ಅವಳು ಡ್ರೈವರನ್ನು ಕೇಳಿದಳು. ಆತ ಅದೇ ಲೊಂಗ್‌ಶೆಂಗ್ ಕಡೆಯವನು. ಕನ್ನಡಿಯಲ್ಲಿ ಅಮ್ಮನನ್ನು ಒಮ್ಮೆ ನೋಡಿ ಉದ್ದಕ್ಕೆ ಏನೋ ಹೇಳಿದ. ಏಡಿಗಿಂತ ಹಾವುಮೀನಿನ ಕಾಟ ಜಾಸ್ತಿಯಂತೆ. ತೂತು ಸಿಕ್ಕ ಕೂಡಲೇ ಜಿಗುಟು ಮಣ್ಣು ತುರುಕಿ ಹಿಮ್ಮಡಿಯಲ್ಲಿ ತುಳಿಯಬೇಕಂತೆ, ಒಂದು ದಿನವೂ ಬಿಡಬಾರದಂತೆ.

ಅಮ್ಮ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಮೊಣಕೈ ತಿವಿದಳು.

"ಆ ಹಾವುಮೀನು ಹಿಡಿದರೆ ತಿಂತಾರಾ, ಕೇಳು."

ಗೈಡ್ ಕೇಳಿದಳು. ಡ್ರೈವರ್ ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು ಹೆಬ್ಬೆರಳು ಎತ್ತಿ ತೋರಿಸಿದ.