ಎಚ್‌ಐವಿಯ ಎದುರು ದೇಹ ನಡೆಸುವ ಹೋರಾಟ

ಎಚ್‌ಐವಿ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ ಎಂಬ ಮಾತನ್ನು ನಾವೆಲ್ಲರೂ ಶಾಲೆಯ ಪಠ್ಯದಿಂದ ಆಸ್ಪತ್ರೆಯ ಗೋಡೆಬರಹದವರೆಗೆ ಎಷ್ಟೋ ಕಡೆ ಓದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ, ವೈರಸ್ ಒಳಹೊಕ್ಕ ದಿನದಿಂದಲೇ ದೇಹ ಕೈಚೆಲ್ಲಿ ಕುಳಿತುಬಿಡುತ್ತದೆ ಎನ್ನಿಸುತ್ತದೆ. ಸೂಕ್ಷ್ಮಜೀವಿಶಾಸ್ತ್ರದ ಪಾಠ ಹೇಳುವ ನನಗೆ ಈ ತಪ್ಪು ಕಲ್ಪನೆ ತರಗತಿಯಲ್ಲಿಯೂ ಎದುರಾಗುತ್ತದೆ. ನಿಜವಾಗಿ ದೇಹ ಮೊದಲ ವಾರಗಳಿಂದಲೇ ತನ್ನ ಬಲವನ್ನೆಲ್ಲ ಕೂಡಿಸಿ ಹೋರಾಡುತ್ತದೆ, ವರ್ಷಗಟ್ಟಲೆ ಹೋರಾಡುತ್ತದೆ. ಹಾಗೆ ಹೋರಾಡಲು ಎಚ್ಚೆತ್ತ ಜೀವಕೋಶಗಳೇ ವೈರಸ್ಸಿಗೆ ನೆಲೆಯೂ ಆಗುತ್ತವೆ. ಈ ರೋಗದ ತಿರುಳು ಇದು.

ವೈರಸ್ಸಿನ ಹೊರಮೈಯಲ್ಲಿರುವ ಜಿಪಿ120 ಎಂಬ ಪ್ರೋಟೀನ್, ಸಹಾಯಕ ಟಿ-ಕೋಶದ ಮೇಲಿರುವ ಸಿಡಿ4 ಎಂಬ ಅಣುವಿಗೆ ಅಂಟಿಕೊಳ್ಳುತ್ತದೆ. ಬಳಿಕ ಸಿಸಿಆರ್5 ಎಂಬ ಇನ್ನೊಂದು ಅಣುವನ್ನು ಹಿಡಿದು ಒಳಕ್ಕೆ ಇಳಿಯುತ್ತದೆ. ಸಿಡಿ4 ಕೋಶಗಳ ಕೆಲಸ ಇತರ ರಕ್ಷಕ ಕೋಶಗಳನ್ನು ಎಚ್ಚರಿಸುವುದು, ಪ್ರತಿಕಾಯ ತಯಾರಿಸುವ ಬಿ-ಕೋಶಗಳಿಗೂ ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳಿಗೂ ನೆರವಾಗುವುದು. ಒಳಸೇರಿದ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದುಕೊಂಡು, ಅದನ್ನು ಕೋಶದ ವಂಶವಾಹಿಗಳ ನಡುವೆ ಸೇರಿಸಿಬಿಡುತ್ತದೆ. ಕೋಶ ವಿಶ್ರಾಂತ ಸ್ಥಿತಿಯಲ್ಲಿದ್ದರೆ ಅಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಆದರೆ ಯಾವುದಾದರೂ ಸೋಂಕನ್ನು ಎದುರಿಸಲು ಆ ಕೋಶ ಎಚ್ಚೆತ್ತಾಗ, ಅದರೊಳಗೆ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನ್ ಚುರುಕಾಗಿ, ರಕ್ಷಣೆಗೆ ಬೇಕಾದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಎಚ್‌ಐವಿಯ ವಂಶವಾಹಿಯ ತುದಿಯಲ್ಲಿಯೂ ಅದೇ ಪ್ರೋಟೀನ್ ಬಂದು ಕೂರುವ ತಾಣಗಳಿವೆ. ಅಂದರೆ ದೇಹ ತನ್ನ ರಕ್ಷಣೆಗೆ ಕೊಟ್ಟ ಆಜ್ಞೆಯೇ ವೈರಸ್ಸಿನ ಉತ್ಪಾದನೆಗೂ ಆಜ್ಞೆಯಾಗುತ್ತದೆ. ಅಮೆರಿಕ ಮತ್ತು ಯೂರೋಪಿನಲ್ಲಿ ಹೆಚ್ಚಾಗಿರುವ ಬಿ ಉಪಪ್ರಭೇದದಲ್ಲಿ ಇಂಥ ತಾಣಗಳು ಸಾಮಾನ್ಯವಾಗಿ 2. ಭಾರತದಲ್ಲಿ ಬಹುಪಾಲು ಕಾಣಸಿಗುವ ಸಿ ಉಪಪ್ರಭೇದದಲ್ಲಿ 3. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ, 4 ತಾಣಗಳಿರುವ ತಳಿಗಳನ್ನೂ ಭಾರತದಲ್ಲಿ ಗುರುತಿಸಿದೆ. ನಮ್ಮ ಊರಿನಲ್ಲೇ ನಡೆದ ಈ ಕೆಲಸ ಕನ್ನಡದ ಓದುಗರಿಗೆ ಇನ್ನಷ್ಟು ಪರಿಚಯವಾಗಬೇಕಿತ್ತು.

ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಒಂದು ವೈರಸ್ಸಿನಿಂದ ಬೆಳೆಯುತ್ತದೆ ಎಂಬುದನ್ನು ಅದರ ವಂಶವಾಹಿಯ ಓದು ತೋರಿಸಿಕೊಟ್ಟಿದೆ. ಮೊದಲ 10 ದಿನಗಳ ಆಸುಪಾಸಿನಲ್ಲಿ ರಕ್ತದಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಅಷ್ಟರಲ್ಲಿ, ಹೊರಗಿನಿಂದ ಬಂದದ್ದನ್ನು ಹಿಡಿದು ದುಗ್ಧಗ್ರಂಥಿಗೆ ಒಯ್ದು ಟಿ-ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಗಳು, ಎಚ್‌ಐವಿಯನ್ನೂ ಹಾಗೆಯೇ ಒಯ್ದು ಸಿಡಿ4 ಕೋಶಗಳು ಕಿಕ್ಕಿರಿದ ಜಾಗಕ್ಕೇ ಮುಟ್ಟಿಸುತ್ತವೆ. ಮೂರು-ನಾಲ್ಕನೆಯ ವಾರದ ಹೊತ್ತಿಗೆ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಸಂಖ್ಯೆ ಹತ್ತು ಲಕ್ಷವನ್ನೂ ಮೀರಬಹುದು. ಆಗ ಹಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂದೆ ಕಾಣಿಸಿಕೊಂಡು, ವೈರಲ್ ಜ್ವರವೆಂದುಕೊಂಡು ಮಾತ್ರೆ ನುಂಗುವಷ್ಟರಲ್ಲಿ ಕಡಿಮೆಯಾಗಿಬಿಡುತ್ತದೆ. ಇದೇ ವಾರಗಳಲ್ಲಿ ಕರುಳಿನ ಗೋಡೆಯಲ್ಲಿ, ಯಾವ ರಕ್ತಪರೀಕ್ಷೆಯಲ್ಲೂ ಕಾಣದಂತೆ, ದೊಡ್ಡ ನಾಶ ನಡೆಯುತ್ತದೆ. ಟಿ-ಕೋಶ, ಬಿ-ಕೋಶಗಳಂಥ ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿರುವುದು ಶೇಕಡಾ 2ರಷ್ಟು ಮಾತ್ರ. ಸಿಸಿಆರ್5 ಹೊತ್ತ ಸಿಡಿ4 ಕೋಶಗಳು ದಟ್ಟವಾಗಿರುವುದು ಕರುಳಿನಲ್ಲಿ, ಮತ್ತು ಅವುಗಳ ಬಹುಭಾಗ ಆಗಲೇ ಸತ್ತುಹೋಗಿರುತ್ತದೆ.

ಜ್ವರ ಇಳಿಯುವುದಕ್ಕೆ ಮುಖ್ಯ ಕಾರಣ ಸಿಡಿ8 ಕೋಶಗಳು. ಅವು ಸೋಂಕಿತ ಕೋಶಗಳನ್ನು ಹುಡುಕಿ ಕೊಲ್ಲತೊಡಗಿದಂತೆ ವೈರಸ್ಸಿನ ಸಂಖ್ಯೆ ಒಮ್ಮೆಲೇ ಕುಸಿದು, ಒಂದು ಮಟ್ಟದಲ್ಲಿ ನೆಲೆನಿಲ್ಲುತ್ತದೆ. ಆ ಮಟ್ಟ ಎಷ್ಟು ಕಡಿಮೆಯೋ, ಚಿಕಿತ್ಸೆ ಇಲ್ಲದೆಯೂ ರೋಗ ಅಷ್ಟು ನಿಧಾನ. ಎಚ್‌ಎಲ್‌ಎ-ಬಿ57 ಅಥವಾ ಬಿ27 ಎಂಬ ವಂಶವಾಹಿ ರೂಪ ಪಡೆದು ಹುಟ್ಟಿದವರಲ್ಲಿ ಸಿಡಿ8 ಕೋಶಗಳು ವೈರಸ್ಸಿನ ಬದಲಾಗಲಾರದ ಭಾಗಗಳನ್ನೇ ಗುರಿಯಾಗಿಸಿಕೊಳ್ಳುತ್ತವೆ. ಸೋಂಕಿತರಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಮಂದಿ ಔಷಧಿಯಿಲ್ಲದೆಯೇ ವೈರಸ್ಸನ್ನು ಅಳತೆಗೆ ಸಿಗದಷ್ಟು ಹತ್ತಿಕ್ಕುತ್ತಾರೆ, ಮತ್ತು ಅಂಥವರಲ್ಲಿ ಈ ರೂಪಗಳು ಹೆಚ್ಚಾಗಿ ಕಾಣುತ್ತವೆ. ಉಳಿದವರಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್‌ಗಳು ಹುಟ್ಟುತ್ತವೆ. ನಕಲು ಮಾಡುವ ಕಿಣ್ವ ಪದೇ ಪದೇ ತಪ್ಪು ಮಾಡುವುದರಿಂದ, ಗುರುತು ಸಿಗದಂತೆ ಬದಲಾದ ಯಾವುದೋ ಒಂದು ರೂಪ ಅವುಗಳಲ್ಲಿ ಇದ್ದೇ ಇರುತ್ತದೆ.

ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುವ ಪ್ರಶ್ನೆ ಪ್ರತಿಕಾಯದ್ದು. ಐಸಿಟಿಸಿ ಎಂಬ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ ಪ್ರಯೋಗಾಲಯದಲ್ಲಿ ರ‍್ಯಾಪಿಡ್ ಕಿಟ್‌ನ ಮೇಲೆ ರಕ್ತದ್ರವದ ಹನಿ ಬಿಟ್ಟು ಕಾದಾಗ, ಕಂಟ್ರೋಲ್ ಗೆರೆಯ ಜೊತೆಗೆ ಇನ್ನೊಂದು ಗೆರೆ ಮೂಡಿತೆಂದರೆ ಆ ರಕ್ತದಲ್ಲಿ ಎಚ್‌ಐವಿಯ ವಿರುದ್ಧದ ಪ್ರತಿಕಾಯಗಳಿವೆ ಎಂದರ್ಥ. ಪಾಸಿಟಿವ್ ಎಂದು ಹೇಳುವ ಮೊದಲು ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡುತ್ತಾರೆ. ಪ್ರತಿಕಾಯವಿದ್ದ ಮೇಲೆ ರೋಗ ಗುಣವಾಗಬೇಕಲ್ಲವೇ ಎಂದು ಅವರು ಕೇಳುತ್ತಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಮೊದಲು ಹುಟ್ಟುವ ಪ್ರತಿಕಾಯಗಳು ವೈರಸ್ಸಿಗೆ ಅಂಟುತ್ತವೆಯೇ ಹೊರತು ಅದು ಕೋಶದೊಳಗೆ ಇಳಿಯುವುದನ್ನು ತಡೆಯುವುದಿಲ್ಲ. ತಡೆಯಬಲ್ಲವು ಹುಟ್ಟಲು ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ವೈರಸ್ ರೂಪ ಬದಲಿಸಿರುತ್ತದೆ. ಅದರ ಜಿಪಿ120 ನಮ್ಮದೇ ಕೋಶದಿಂದ ಪಡೆದ ಸಕ್ಕರೆ ಸರಪಳಿಗಳನ್ನು ಹೊದ್ದಿರುವುದರಿಂದ, ದೇಹ ಅದರ ಬಹುಭಾಗವನ್ನು ತನ್ನದೇ ಅಂಶವೆಂದು ಭಾವಿಸಿ ಬಿಟ್ಟುಬಿಡುತ್ತದೆ. ಕೆಲವರಲ್ಲಿ ಎರಡು-ಮೂರು ವರ್ಷಗಳ ಬಳಿಕ ಬಹುಬಗೆಯ ತಳಿಗಳನ್ನು ತಡೆಯುವ ಪ್ರತಿಕಾಯಗಳು ಹುಟ್ಟುತ್ತವಾದರೂ, ಅವರೊಳಗಿನ ವೈರಸ್ ಆ ಹೊತ್ತಿಗೆ ಅವುಗಳಿಂದಲೂ ತಪ್ಪಿಸಿಕೊಂಡಿರುತ್ತದೆ. ಅಂಥ ಪ್ರತಿಕಾಯಗಳನ್ನು ಸೋಂಕಿಲ್ಲದವರಲ್ಲಿ ಮೊದಲೇ ಹುಟ್ಟಿಸುವುದು ಹೇಗೆ ಎಂಬುದೇ ಇಂದಿನ ಲಸಿಕೆ ಸಂಶೋಧನೆಯ ದೊಡ್ಡ ಪ್ರಶ್ನೆ.

ಅತ್ತ ಕರುಳಿನ ಗೋಡೆ ಶಿಥಿಲವಾಗಿ, ಒಳಗಿನ ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಸೋರುತ್ತಲೇ ಇರುತ್ತವೆ. ದೇಹ ಅದಕ್ಕೆ ಪ್ರತಿಕ್ರಿಯಿಸಿ ಕೋಶಗಳನ್ನು ಎಚ್ಚರಿಸುತ್ತಲೇ ಇರುತ್ತದೆ. ಎಚ್ಚೆತ್ತ ಸಿಡಿ4 ಕೋಶಗಳಿಗೆ ವೈರಸ್ ತಗಲುತ್ತಲೇ ಇರುತ್ತದೆ. ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬಿ ಎಂಬ ಕೋತಿಗಳಲ್ಲಿ ಎಚ್‌ಐವಿಯ ಬಂಧುವಾದ ಎಸ್‌ಐವಿ ವೈರಸ್ ರಕ್ತದಲ್ಲಿ ತುಂಬಿಕೊಂಡಿದ್ದರೂ ಅವು ಸಾಮಾನ್ಯವಾಗಿ ಏಡ್ಸ್‌ಗೆ ತುತ್ತಾಗುವುದಿಲ್ಲ. ಅವುಗಳ ದೇಹ ಆರಂಭದ ಪ್ರತಿಕ್ರಿಯೆಯನ್ನು ಕೆಲವೇ ವಾರಗಳಲ್ಲಿ ತಣಿಸಿಕೊಳ್ಳುತ್ತದೆ, ಕರುಳಿನ ಗೋಡೆಯೂ ಗಟ್ಟಿಯಾಗಿ ಉಳಿಯುತ್ತದೆ. ಮನುಷ್ಯರ ದೇಹಕ್ಕೆ ಹಾಗೆ ತಣಿಯುವುದು ತಿಳಿದಿಲ್ಲ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಹೆಚ್ಚಿರುವ ಸಿಡಿ4 ಎಣಿಕೆ, ಚಿಕಿತ್ಸೆಯಿಲ್ಲದವರಲ್ಲಿ ವರ್ಷದಿಂದ ವರ್ಷಕ್ಕೆ ಇಳಿದು 200ರ ಕೆಳಗೆ ಬಂದಾಗ ಅದನ್ನು ಏಡ್ಸ್ ಎನ್ನುತ್ತಾರೆ. ಆದ್ದರಿಂದಲೇ ಎಣಿಕೆ ಇಳಿಯುವವರೆಗೆ ಕಾಯುವ ಹಳೆಯ ಪದ್ಧತಿಯನ್ನು ಬಿಟ್ಟು, 2017ರಿಂದ ಭಾರತದಲ್ಲಿ ಸೋಂಕು ಪತ್ತೆಯಾದ ಎಲ್ಲರಿಗೂ ಎಆರ್‌ಟಿ ಎಂಬ ಎಚ್‌ಐವಿ ನಿರೋಧಕ ಮಾತ್ರೆ ಕೊಡಲಾಗುತ್ತಿದೆ. ಮಾತ್ರೆಗಳು ವೈರಸ್ಸಿನ ಹುಟ್ಟನ್ನು ತಡೆಯುತ್ತವೆ. ಹಿಂದಿನ ಸೋಂಕುಗಳನ್ನು ನೆನಪಿಟ್ಟುಕೊಂಡು ವಿಶ್ರಾಂತ ಸ್ಥಿತಿಯಲ್ಲಿರುವ ಸ್ಮೃತಿಕೋಶಗಳಲ್ಲಿ ಅಡಗಿರುವ ವೈರಸ್ ಡಿಎನ್‌ಎಯನ್ನು ಅವು ಮುಟ್ಟಲಾರವು, ಹಾಗಾಗಿ ಮಾತ್ರೆಯನ್ನು ನಿಲ್ಲಿಸುವಂತಿಲ್ಲ.

ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಕೆಲವರಿಗೆ ಜ್ವರ ಮರುಕಳಿಸಿ, ಕುತ್ತಿಗೆಯ ಗಂಟುಗಳು ಊದಿಕೊಂಡು, ಉಸಿರಾಟವೂ ಕಷ್ಟವಾಗುತ್ತದೆ. ಕ್ಷಯವೂ ಜೊತೆಗಿರುವವರಲ್ಲಿ, ಅದರಲ್ಲಿಯೂ ಎಣಿಕೆ 100ಕ್ಕಿಂತ ಕೆಳಗಿದ್ದಾಗ ಚಿಕಿತ್ಸೆ ಆರಂಭಿಸಿದವರಲ್ಲಿ, ಇದು ಹೆಚ್ಚು. ಮಾತ್ರೆಯೇ ಆಗಿಬರಲಿಲ್ಲವೆಂದು ಮನೆಯವರು ಅದನ್ನು ನಿಲ್ಲಿಸಿಬಿಡುವ ಅಪಾಯ ಇರುವುದು ಇಲ್ಲಿಯೇ. ಆದರೆ ಅಲ್ಲಿ ಆಗಿರುವುದು ಬೇರೆ: ವೈರಸ್ಸಿನ ಹಿಡಿತ ಸಡಿಲವಾಗಿ ಚೇತರಿಸಿಕೊಂಡ ರಕ್ಷಕ ಕೋಶಗಳು, ಈವರೆಗೆ ಎದುರಿಸಲಾಗದಿದ್ದ ಕ್ಷಯದ ಬ್ಯಾಕ್ಟೀರಿಯಾಗಳ ಮೇಲೆ ಒಮ್ಮೆಲೇ ಮುಗಿಬಿದ್ದಿರುತ್ತವೆ. 2018ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನವೊಂದರಲ್ಲಿ, ಇಂಥ ಅಪಾಯವಿದ್ದವರಿಗೆ ಎಆರ್‌ಟಿಯ ಜೊತೆಗೆ 4 ವಾರ ಪ್ರೆಡ್ನಿಸೋನ್ ಕೊಟ್ಟಾಗ ಈ ತೊಂದರೆ ಸುಮಾರು ಶೇಕಡಾ 47ರಿಂದ 33ಕ್ಕೆ ಇಳಿಯಿತು. ಪ್ರೆಡ್ನಿಸೋನ್ ಒಂದು ಸ್ಟೀರಾಯ್ಡ್. ಅದರ ಕೆಲಸ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವುದು.