ಹಳೆಯ ಸ್ವಿಫ್ಟ್ ಕೊಟ್ಟು ಹೊಸ ಸ್ವಿಫ್ಟ್ ತೆಗೆದುಕೊಳ್ಳಬೇಕೇ?

ಕಚೇರಿಯಲ್ಲಿ, ನೆಂಟರ ಮನೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲೂ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ. "ನಮ್ಮ ಹತ್ತಿರ ಸ್ವಿಫ್ಟ್ ಇದೆ, ಚೆನ್ನಾಗಿಯೇ ಓಡುತ್ತಿದೆ. ಹೊಸ ಮಾಡೆಲ್ ಬಂದಿದೆಯಲ್ಲ, ಇದನ್ನು ಎಕ್ಸ್‌ಚೇಂಜ್‌ಗೆ ಹಾಕಿ ಅದನ್ನು ತೆಗೆದುಕೊಳ್ಳಬಹುದಾ?" ಪರಿಚಯದವರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಗಾಡಿ ನೋಡಲು ಜೊತೆಗೆ ಹೋಗುವ ಅಭ್ಯಾಸ ನನಗಿರುವುದರಿಂದ ಈ ಪ್ರಶ್ನೆ ನನ್ನ ಪಾಲಿಗೆ ಬರುತ್ತದೆ. ಪ್ರತಿ ಸಲವೂ ಅರ್ಧ ಉತ್ತರ ಕೊಟ್ಟು ಏಳುವುದಕ್ಕಿಂತ, ಪೂರ್ತಿ ಉತ್ತರವನ್ನು ಒಮ್ಮೆ ಬರೆದಿಡುವುದು ಮೇಲು ಎನಿಸಿತು. ಸ್ವಿಫ್ಟನ್ನೇ ಹಿಡಿದು ಬರೆಯುತ್ತಿದ್ದರೂ, ವ್ಯಾಗನ್ ಆರ್ ಅಥವಾ ಐ20 ಇರುವವರು ತಮ್ಮ ಕಾರಿನ ವರ್ಷ ಮತ್ತು ಬೆಲೆಗಳನ್ನು ಹಾಕಿಕೊಂಡು ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

ಈ ಪ್ರಶ್ನೆ ಕೇಳಿದವರನ್ನು ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ನಿಮ್ಮ ಕಾರು ಯಾವ ವರ್ಷದ್ದು, ಯಾವ ವೇರಿಯಂಟ್, ಅಂದರೆ ಎಲ್ಎಕ್ಸ್ಐ, ವಿಎಕ್ಸ್ಐ ಮುಂತಾದ ದರ್ಜೆಗಳಲ್ಲಿ ಯಾವುದು? ಸ್ವಿಫ್ಟ್ ನಮ್ಮ ದೇಶಕ್ಕೆ ಬಂದದ್ದು 2005ರಲ್ಲಿ. ಎರಡನೆಯ ತಲೆಮಾರು 2011ರಲ್ಲಿ, ಮೂರನೆಯದು 2018ರಲ್ಲಿ, ನಾಲ್ಕನೆಯದು 2024ರ ಮೇ ತಿಂಗಳಲ್ಲಿ ಬಂತು. ಹೆಸರು ಒಂದೇ ಆದರೂ 2013ರ ಎಲ್ಎಕ್ಸ್ಐ ಇರುವವರಿಗೆ ಕೊಡುವ ಉತ್ತರವನ್ನು 2019ರ ವಿಎಕ್ಸ್ಐ ಇರುವವರಿಗೆ ಕೊಡಲಾಗದು. ಹೊಸ ಕಾರು ಹಳೆಯದಕ್ಕಿಂತ ಚೆನ್ನಾಗಿದೆಯೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. 2011ರ ಕಾರಿಗಿಂತ ಹದಿಮೂರು ವರ್ಷದ ನಂತರ ಬಂದ ಕಾರು ಚೆನ್ನಾಗಿರಲೇಬೇಕು. ಈಗಿರುವ ಕಾರು ನಿಮ್ಮ ಮನೆಯವರಿಗೆ ಕೊಡಲೇಬೇಕಾದ ಏನನ್ನು ಕೊಡುತ್ತಿಲ್ಲ ಎಂಬುದನ್ನು ನೋಡಬೇಕು. ನನ್ನ ಮಟ್ಟಿಗೆ ಅದು ಅಪಘಾತದಲ್ಲಿ ಸಿಗುವ ರಕ್ಷಣೆ. ಉಳಿದ ಕಾರಣಗಳಲ್ಲಿ ಹೆಚ್ಚಿನವು ಲೆಕ್ಕ ಹಾಕಿ ನೋಡಿದಾಗ ನಿಲ್ಲುವುದಿಲ್ಲ.

ಎಲ್ಲರೂ ಮೊದಲು ಹೇಳುವ ಕಾರಣ ಮೈಲೇಜ್, ಹಾಗಾಗಿ ಆ ಲೆಕ್ಕವನ್ನೇ ಮೊದಲು ನೋಡೋಣ. 2018ರ ಪೆಟ್ರೋಲ್ ಸ್ವಿಫ್ಟ್‌ಗೆ ಕಂಪನಿ ಘೋಷಿಸಿದ್ದು ಲೀಟರಿಗೆ 22 ಕಿಲೋಮೀಟರ್. 2021ರಲ್ಲಿ ಎಂಜಿನ್ ಬದಲಾದ ಮೇಲೆ 23.2, 2024ರ ಮ್ಯಾನುಯಲ್ ಗೇರಿನ ಕಾರಿಗೆ 24.8. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಮನೆಗೆ, 22 ಕೊಡುವ ಕಾರಿನಲ್ಲಿ ವರ್ಷಕ್ಕೆ 545 ಲೀಟರ್ ಬೇಕು, 24.8 ಕೊಡುವ ಕಾರಿನಲ್ಲಿ 484 ಲೀಟರ್. ಉಳಿಯುವುದು 61 ಲೀಟರ್, ಅಂದರೆ ಲೀಟರಿಗೆ 103 ರೂಪಾಯಿಯಂತೆ ಸುಮಾರು 6,300 ರೂಪಾಯಿ. ಊರೊಳಗಿನ ಓಡಾಟದಲ್ಲಿ ಯಾವ ಕಾರೂ ಘೋಷಿತ ಮೈಲೇಜ್ ಕೊಡುವುದಿಲ್ಲವಾದ್ದರಿಂದ, ಎರಡನ್ನೂ ನೂರಕ್ಕೆ ಎಪ್ಪತ್ತರಂತೆ ಇಳಿಸಿದರೂ ಉಳಿತಾಯ ಸುಮಾರು 9,000 ರೂಪಾಯಿಗೆ ನಿಲ್ಲುತ್ತದೆ. ಹಳೆಯ ಕಾರಿನ ಬೆಲೆ ಕಳೆದು ಕೈಯಿಂದ ಐದು ಲಕ್ಷ ಹಾಕಿದರೆ, ಆ ಐದು ಲಕ್ಷ ಪೆಟ್ರೋಲ್ ಉಳಿತಾಯದಿಂದ ವಾಪಸ್ ಬರಲು ಐವತ್ತು ವರ್ಷಕ್ಕೂ ಹೆಚ್ಚು ಬೇಕು. ಸಾಲದ ಬಡ್ಡಿಯನ್ನು ನಾನು ಇದಕ್ಕೆ ಸೇರಿಸಿಯೇ ಇಲ್ಲ.

ಶೋರೂಮಿನಲ್ಲಿ ತೋರಿಸುವ ಬೆಲೆಯೂ ಪೂರ್ತಿ ಬೆಲೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದು, ಸೆಸ್ಸೂ ಹೋಗಿ, 2024ರಲ್ಲಿ 6.49 ಲಕ್ಷಕ್ಕೆ ಆರಂಭವಾಗಿದ್ದ ಸ್ವಿಫ್ಟ್ 5.79 ಲಕ್ಷಕ್ಕೆ ಬಂದದ್ದು ನಿಜ, ಅದು ಕೊಳ್ಳುವವರಿಗೆ ಒಳ್ಳೆಯದೇ. ಆದರೆ ಹೊಸ ಕಾರು ಅಗ್ಗವಾದಷ್ಟೂ ನೀವು ಕೊಡಲು ಹೊರಟ ಹಳೆಯ ಕಾರಿನ ಬೆಲೆಯೂ ಇಳಿಯುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಇದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆಯಿದೆ. ಐದರಿಂದ ಹತ್ತು ಲಕ್ಷದ ಕಾರಿಗೆ ಬೆಲೆಯ ಶೇಕಡಾ 14 ಮತ್ತು ಆ ತೆರಿಗೆಯ ಮೇಲೊಂದು ಸೆಸ್. ಎಂಟು ಲಕ್ಷದ ಕಾರಿಗೆ ತೆರಿಗೆಯೇ 1.12 ಲಕ್ಷ. ಹಳೆಯ ಕಾರಿಗೆ ಈ ತೆರಿಗೆಯನ್ನು ನೀವು ಆಗಲೇ ಕಟ್ಟಿದ್ದೀರಿ, ಅದನ್ನು ಮಾರಿದಾಗ ಆ ಹಣ ನಿಮಗೆ ಮರಳುವುದಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಕಟ್ಟಬೇಕು. ಕಾರಿನ ವಿಮಾ ಮೌಲ್ಯ ಒಂದು ವರ್ಷ ದಾಟುತ್ತಿದ್ದಂತೆ ಶೇಕಡಾ 20, ಎರಡು ವರ್ಷ ದಾಟಿದರೆ 30ರಷ್ಟು ಇಳಿಯುತ್ತದೆ. ಇಷ್ಟನ್ನೂ ಒಂದು ಹಾಳೆಯ ಮೇಲೆ ಬರೆದು ನೋಡಿದವರಲ್ಲಿ ಹಲವರು ಹಳೆಯ ಕಾರಿಗೆ ಹೊಸ ಟೈರ್ ಹಾಕಿಸಿಕೊಂಡು ನೆಮ್ಮದಿಯಾಗಿದ್ದಾರೆ.

ಈಗ ರಕ್ಷಣೆಯ ವಿಷಯ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಎರಡನೆಯ ತಲೆಮಾರಿನ ಸ್ವಿಫ್ಟನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದಾಗ, ದೊಡ್ಡವರ ರಕ್ಷಣೆಗೆ ಅದಕ್ಕೆ ಸಿಕ್ಕಿದ್ದು ಐದರಲ್ಲಿ ಸೊನ್ನೆ ನಕ್ಷತ್ರ. ಆ ಕಾಲದಲ್ಲಿ ಏರ್‌ಬ್ಯಾಗ್ ಮತ್ತು ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಮೇಲಿನ ವೇರಿಯಂಟ್‌ಗಳಿಗೆ ಮಾತ್ರ ಸಿಗುತ್ತಿದ್ದವು, ನಮ್ಮಲ್ಲಿ ಎಷ್ಟೋ ಜನ ಕೊಂಡದ್ದು ಅವಿಲ್ಲದ ಕಾರುಗಳನ್ನು. 2018ರ ಮೂರನೆಯ ತಲೆಮಾರಿನಲ್ಲಿ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಎಲ್ಲ ವೇರಿಯಂಟ್‌ಗೂ ಬಂದವು. ಅದೇ ವರ್ಷದ ಪರೀಕ್ಷೆಯಲ್ಲಿ ಎರಡು ನಕ್ಷತ್ರ ಸಿಕ್ಕಿತು. ಪಕ್ಕದಿಂದ ಬೀಳುವ ಹೊಡೆತವನ್ನೂ, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಠಿಣ ನಿಯಮಗಳು ಬಂದ ನಂತರ, 2022ರಲ್ಲಿ ಅದೇ ತಲೆಮಾರಿನ ಕಾರಿಗೆ ಸಿಕ್ಕಿದ್ದು ಒಂದೇ ನಕ್ಷತ್ರ. 2024ರ ಸ್ವಿಫ್ಟ್‌ನಲ್ಲಿ ಆರು ಏರ್‌ಬ್ಯಾಗ್, ಇಎಸ್‌ಸಿ, ಹಿಂದಿನ ಸೀಟಿನ ನಡುವೆ ಕೂರುವವರಿಗೂ ಭುಜದ ಮೇಲಿಂದ ಬರುವ ಬೆಲ್ಟ್, ಇವೆಲ್ಲ ಅತ್ಯಂತ ಕಡಿಮೆ ಬೆಲೆಯ ವೇರಿಯಂಟ್‌ನಲ್ಲೂ ಇವೆ. 2024ರ ನವೆಂಬರ್‌ನಲ್ಲಿ ಸ್ವಿಫ್ಟ್ ಆಧಾರಿತ ಸೆಡಾನ್ ಕಾರಾದ ಹೊಸ ಡಿಸೈರ್‌ಗೆ ಐದು ನಕ್ಷತ್ರ ಬಂದಾಗ, ಅದನ್ನು ಸ್ವಿಫ್ಟ್‌ಗೂ ಸೇರಿಸಿ ಮಾತನಾಡುವ ಸೇಲ್ಸ್‌ನವರನ್ನು ಕಂಡಿದ್ದೇನೆ. ಅದು ಸರಿಯಲ್ಲ, ಪರೀಕ್ಷೆಗೊಳಗಾದ ಕಾರಿಗಷ್ಟೇ ಆ ಅಂಕ.

ಆದ್ದರಿಂದ ನನ್ನ ಉತ್ತರ ಹೀಗೆ ಒಡೆಯುತ್ತದೆ. ನಿಮ್ಮದು 2018ರ ಮೊದಲಿನ, ಏರ್‌ಬ್ಯಾಗ್ ಮತ್ತು ಎಬಿಎಸ್ ಇಲ್ಲದ ಕಾರಾಗಿದ್ದು, ಅದರಲ್ಲಿ ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿ ಹೆದ್ದಾರಿಯಲ್ಲಿ ಊರಿಗೆ ಹೋಗಿ ಬರುವವರಾದರೆ, ಬದಲಿಸಿ. ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಬದಲಿಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಇಳಿಜಾರಿನಲ್ಲಿ, ಮುಂದಿನ ಟ್ಯಾಂಕರ್ ಒಮ್ಮೆಲೇ ನಿಂತಾಗ ಎಬಿಎಸ್ ಇಲ್ಲದ ಕಾರಿನ ಬ್ರೇಕ್ ಒತ್ತಿದರೆ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿ ಜಾರುತ್ತ ಹೋಗುತ್ತದೆ. ಎಬಿಎಸ್ ಇದ್ದರೆ ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ತಿರುಗಿಸಿಕೊಳ್ಳಬಹುದು. ಇದಕ್ಕೆ ಯಾವ ಮೈಲೇಜ್ ಲೆಕ್ಕವೂ ಸಮವಲ್ಲ. ನಿಮ್ಮ ಕಾರಿನಲ್ಲಿ ಎಬಿಎಸ್ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ಎಂಜಿನ್ ಶುರು ಮಾಡದೆ ಕೀಲಿಯನ್ನು ಆನ್ ಮಾಡಿ ಮೀಟರಿನ ಕಡೆ ನೋಡಿ. ಇದ್ದರೆ ಎಬಿಎಸ್ ಎಂಬ ಹಳದಿ ದೀಪ ಹತ್ತಿ ಕೆಲವು ಕ್ಷಣಗಳಲ್ಲಿ ಆರುತ್ತದೆ. ಹತ್ತಿದ ದೀಪ ಆರದೇ ಉಳಿದರೆ ಅದು ಕೆಟ್ಟಿದೆ ಎಂದರ್ಥ, ರಿಪೇರಿ ಮಾಡಿಸಬೇಕು.

ನಿಮ್ಮದು 2018 ಅಥವಾ ಅದರ ನಂತರದ್ದಾದರೆ, ಊರೊಳಗೇ ಹೆಚ್ಚು ಓಡಿಸುವವರಾದರೆ, ಇಟ್ಟುಕೊಳ್ಳಿ ಎನ್ನುತ್ತೇನೆ. ಎರಡು ಏರ್‌ಬ್ಯಾಗ್‌ನಿಂದ ಆರಕ್ಕೆ ಹೋಗುವುದು ಖಂಡಿತ ಲಾಭವೇ. ಆದರೆ ಹಿಂದಿನ ಸೀಟಿನವರು ಬೆಲ್ಟ್ ಹಾಕದ ಮನೆಯಲ್ಲಿ ಆ ಲಾಭದ ದೊಡ್ಡ ಭಾಗ ಕೈತಪ್ಪುತ್ತದೆ. ಆ ಬೆಲ್ಟುಗಳು ನಿಮ್ಮ ಹಳೆಯ ಕಾರಿನಲ್ಲೂ ಇವೆ, ಎಷ್ಟೋ ಮನೆಗಳಲ್ಲಿ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತವೆ.

ಎಂಜಿನ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಸ್ವಿಫ್ಟ್ ಪ್ರಿಯರಿಗೆ ಇದು ಮನಸ್ಸಿಗೆ ಹತ್ತಿರದ ವಿಷಯ. ಹಿಂದಿನ ಪೆಟ್ರೋಲ್ ಸ್ವಿಫ್ಟ್‌ಗಳೆಲ್ಲ ನಾಲ್ಕು ಸಿಲಿಂಡರಿನವು. 2024ರದು ಮೂರು ಸಿಲಿಂಡರಿನದು. 2021ರ ಎಂಜಿನ್ 90 ಪಿಎಸ್ (ಅಶ್ವಶಕ್ತಿಯ ಅಳತೆ) ಕೊಡುತ್ತಿತ್ತು, ಹೊಸದು 82. ಮೈಲೇಜ್ ಹೆಚ್ಚಿದ್ದು ಈ ಬದಲಾವಣೆಯಿಂದಲೇ, ಆದರೆ ನಿಂತ ಕಾರಿನಲ್ಲಿ ಸಣ್ಣ ನಡುಕವೊಂದು ಬಂದಿದೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರಬೇಡಿ. ಮನೆಯವರನ್ನೂ ಕೂರಿಸಿಕೊಂಡು, ಎಸಿ ಹಾಕಿ, ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಅಂಗೈ ಇಟ್ಟು ನೋಡಿ. ಆಮೇಲೆ ಒಂದು ಏರನ್ನು ಮೂರನೇ ಗೇರಿನಲ್ಲಿ ಹತ್ತಿಸಿ ನೋಡಿ. ಡೀಸೆಲ್ ಸ್ವಿಫ್ಟ್ ಇರುವವರಿಗಂತೂ ಇದು ಬೇರೆಯೇ ಪ್ರಶ್ನೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಆ 1.3 ಲೀಟರ್ ಡೀಸೆಲ್ ನಿಂತುಹೋಯಿತು. ಅದರ ಟಾರ್ಕ್, ಅಂದರೆ ಎಂಜಿನ್ನಿನ ಎಳೆಯುವ ಬಲ, 190 ಎನ್‌ಎಂ, ಇಂದಿನ ಪೆಟ್ರೋಲಿನದು ಸುಮಾರು 112. ಐದು ಜನ ಮತ್ತು ಸಾಮಾನು ತುಂಬಿಕೊಂಡು ಚಾರ್ಮಾಡಿ ಹತ್ತುವ ಅಭ್ಯಾಸವಿರುವವರಿಗೆ ಈ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಅಂಥವರು ಹೊಸ ಸ್ವಿಫ್ಟ್‌ಗೆ ಹೋಗುವ ಮುನ್ನ ಬೇರೆ ಕಾರುಗಳನ್ನೂ ನೋಡುವುದು ಒಳ್ಳೆಯದು.

ಎರಡು ಹೆದರಿಕೆಗಳು ಜನರನ್ನು ಅವಸರದಲ್ಲಿ ಶೋರೂಮಿಗೆ ಕಳಿಸುತ್ತಿವೆ. ಒಂದು, ಹದಿನೈದು ವರ್ಷವಾದ ಮೇಲೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ ಎಂಬುದು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಮಾತು. ಕರ್ನಾಟಕದಲ್ಲಿ ಹದಿನೈದು ವರ್ಷ ತುಂಬಿದ ಕಾರನ್ನು ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಮೊದಲು 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು, ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ ಇನ್ನೂ ಹೆಚ್ಚು. ಎರಡನೆಯದು, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗೆ ಮೊದಲಿನ ಕಾರುಗಳನ್ನು ಇದಕ್ಕೆಂದು ತಯಾರಿಸಿರಲಿಲ್ಲ, ಮತ್ತು ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ ಇರುವುದರಿಂದ ಅವುಗಳ ಮೈಲೇಜ್ ಸ್ವಲ್ಪ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೇ ಹಳೆಯ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ಹೇಳಿದೆ. ಅಂದರೆ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ ಐದು ಸಾವಿರ ರೂಪಾಯಿಯ ಆಸುಪಾಸು. ಸರ್ವಿಸ್ ಮಾಡಿಸುವಾಗ ಇಂಧನದ ರಬ್ಬರ್ ಪೈಪುಗಳನ್ನು ನೋಡಲು ಹೇಳಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಇದಕ್ಕಾಗಿ ಕಾರನ್ನೇ ಬದಲಿಸಬೇಕಿಲ್ಲ.

ಇಟ್ಟುಕೊಳ್ಳುವುದೆಂದು ನಿರ್ಧರಿಸುವ ಮುಂಚೆ ಕಾರಿನ ತಳವನ್ನೊಮ್ಮೆ ನೋಡಲೇಬೇಕು. ಎಂಜಿನ್, ಕ್ಲಚ್, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಬದಲಿಸಬಹುದು, ತುಕ್ಕು ತಿಂದ ಬಾಡಿಯನ್ನು ಮೊದಲಿನಂತೆ ಮಾಡಲಾಗದು. ಬಾಗಿಲು ತೆರೆದು, ಕಾಲಿಡುವ ಜಾಗದ ಉದ್ದಕ್ಕೂ ಹಾದುಹೋಗುವ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆದು, ಅದರಡಿಯ ತಗಡಿನ ಅಂಚಿನ ಮೇಲೆ ಬೆರಳಾಡಿಸಿ. ಬಣ್ಣ ನುಣುಪಾಗಿದ್ದರೆ ಚಿಂತೆಯಿಲ್ಲ. ಉಬ್ಬಿದ್ದರೆ, ಒತ್ತಿದಾಗ ಕಂದು ಪುಡಿ ಉದುರಿದರೆ, ಒಳಗೆ ಇನ್ನೂ ಹೆಚ್ಚಿದೆ ಎಂದು ತಿಳಿಯಿರಿ. ಜ್ಯಾಕ್ ಕೊಡುವ ಜಾಗವನ್ನೂ, ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ಹೀಗೇ ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬೆಳೆದ ಕಾರುಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಡಿಕ್ಕಿಯ ಹೊಡೆತವನ್ನು ತಾಳಬೇಕಾದ ಭಾಗಗಳೇ ಹೀಗೆ ಮೆತ್ತಗಾಗಿದ್ದರೆ, ಏರ್‌ಬ್ಯಾಗ್ ಇರುವ ಕಾರೂ ಮಾರಾಟಕ್ಕಲ್ಲ, ಗುಜರಿಗೆ ಯೋಗ್ಯ.

ಬದಲಿಸಬೇಕು, ಆದರೆ ಹೊಸ ಕಾರಿಗೆ ಹಣ ಸಾಲದು ಎನ್ನುವವರಿಗೆ 2018ರ ನಂತರದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಒಳ್ಳೆಯ ದಾರಿ. ಜೀವಿತಾವಧಿ ತೆರಿಗೆಯನ್ನು ಮೊದಲಿನವರೇ ಕಟ್ಟಿರುತ್ತಾರೆ. ನಿಮ್ಮ ವಿಮೆಯ ಕಂತಿನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಕಾರಿನದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇಕಡಾ 50ರವರೆಗೆ ಇರುತ್ತದೆ, ಹಳೆಯ ಕಾರನ್ನು ಕೊಡುವಾಗ ವಿಮಾ ಕಂಪನಿಯಿಂದ ಪತ್ರ ಪಡೆದು ಮುಂದಿನ ಕಾರಿಗೆ ವರ್ಗಾಯಿಸಿಕೊಳ್ಳಿ. ನೀವು ಕೊಟ್ಟ ಹಳೆಯ ಕಾರಿನ ಆರ್‌ಸಿ, ಅದನ್ನು ಕೊಂಡವರ ಹೆಸರಿಗೆ ಬದಲಾಗುವವರೆಗೂ ಬೆನ್ನು ಹತ್ತಿ.

ಕೊನೆಯದಾಗಿ, ಹೊಸದು ಕೊಂಡ ಮನೆಗಳಲ್ಲಿ ಏರ್‌ಬ್ಯಾಗ್ ಇಲ್ಲದ ಹಳೆಯ ಕಾರನ್ನು "ಎಕ್ಸ್‌ಚೇಂಜ್‌ನಲ್ಲಿ ಏನೂ ಸಿಗಲ್ಲ, ಮಗ ಡ್ರೈವಿಂಗ್ ಕಲಿಯಲಿ" ಎಂದು ಉಳಿಸಿಕೊಳ್ಳುವುದನ್ನು ನೋಡುತ್ತಿರುತ್ತೇನೆ. ತಪ್ಪು ಮಾಡುವ ಸಂಭವ ಹೆಚ್ಚಿರುವುದು ಹೊಸದಾಗಿ ಕಲಿತವನಿಗೆ. ಮನೆಯ ಅತ್ಯಂತ ಅಸುರಕ್ಷಿತ ಕಾರು ಅವನ ಕೈಗೆ ಹೋಗುತ್ತದೆ. ಎರಡು ಕಾರುಗಳನ್ನೂ ಇಟ್ಟುಕೊಳ್ಳುವುದೇ ಆದರೆ ಆರು ಏರ್‌ಬ್ಯಾಗಿನದನ್ನು ಮಗನಿಗೆ ಕೊಡಿ, ಹಳೆಯದರಲ್ಲಿ ತರಕಾರಿ ಮಾರುಕಟ್ಟೆಗೆ ನೀವು ಹೋಗಿ ಬನ್ನಿ.